ಎಲ್ಲಾರಗಿಂತ ಕೆಟ್ಟ ಕೈ

ಇಳಕಲ್ಲಿನ ಲಕ್ಷ್ಮಪ್ಪ ಸಾವ್ಕಾರ ಬೋರವ್ವಗೆ ಮೂರು ವರ್ಷ ಮುರಕೊಂಡ ಕೂಲಿ ಇನ್ನೂ ಕೊಡಬೇಕು. ೧೯೭೮ರಿಂದ ೮೧ರ ತನಕ ಆಕೆ ನೇಯ್ದು ಕೊಟ್ಟ ಸೀರೆಗಳಲ್ಲಿ 'ಐಬು ಐತಿ' ಅಂತ ಹೇಳಿ, ಕೈಯಲ್ಲಿಡುವ ಮೊದಲೇ ಕಡಿದ ಕೂಲಿ ಅದು. ಸಾವ್ಕಾರ ಸತ್ತ. ಮಕ್ಕಳು ಬಾಗಲಕೋಟೆಯಲ್ಲಿ ಅಂಗಡಿ ಹಾಕಿ ಕುಂತಿದ್ದಾರೆ. ಕೇಳಿದರೆ, ಅಪ್ಪನ ಕಾಲದ್ದು ನಮಗೆ ಗೊತ್ತಿಲ್ಲ ಅನ್ನುತ್ತಾರೆ. ಅಪ್ಪನ ಕಾಲದ ಮನೆ ಗೊತ್ತು, ಅಪ್ಪನ ಕಾಲದ ಹೊಲ ಗೊತ್ತು. ಕೂಲಿ ಮಾತ್ರ ಗೊತ್ತಿಲ್ಲ.

ಕೂಲಿ ನುಂಗುವವರು ಈ ಸೀಮೆಗೆ ಹೊಸಬರಲ್ಲ. ಆದರೆ ಲಕ್ಷ್ಮಪ್ಪ ಸಾವ್ಕಾರ ಕೂಲಿ ನುಂಗುವಾಗ, ಕಳಕೊಂಡಾಕೆಯ ಬಾಯಿಂದಲೇ 'ನನ್ನ ಕೈನ ಸುಮಾರ್ರಿ, ನೀವು ಮುರದದ್ದು ಬರೊಬ್ಬರಿ' ಅಂತ ಅನ್ನಿಸಿದ. ಜೇಬುಗಳ್ಳರೂ ಇಷ್ಟು ಮಾಡುವುದಿಲ್ಲ. ಕದ್ದು ಓಡುತ್ತಾರೆ, ಕಾಲಿಗೆ ಬೀಳಿಸಿಕೊಳ್ಳುವುದಿಲ್ಲ. ಅದಕ್ಕೇ ಈ ಹೆಣ್ಣುಮಗಳ ಕತೆ ಬರೆಯುತ್ತಿದ್ದೇನೆ. ಹತ್ತಿರ ಹತ್ತಿರ ಹತ್ತು ವರ್ಷ ಆಗುತ್ತಾ ಬಂತು, ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ಬೋರವ್ವ ಬೇವೂರಿನವಳು. ಅಪ್ಪ ಚಂದಪ್ಪ ಕುರಿ ಕಾಯುತ್ತಿದ್ದ. ಬೀರಪ್ಪನ ಒಕ್ಕಲು. ಹುಡುಗಿ ಹುಟ್ಟಿದ್ದು ಎಡಚಿಯಾಗಿ. ಆಕೆಯ ತಪ್ಪು ಇಷ್ಟೇ. ರೊಟ್ಟಿ ಮುರಿಯಲಿಕ್ಕೆ ಎಡಗೈ ಮುಂದೆ, ಕುರಿಮರಿಯ ಕಾಲು ಹಿಡಿಯಲಿಕ್ಕೆ ಎಡಗೈ ಮುಂದೆ. ಅಜ್ಜಿ ಉಣ್ಣೆ ನೂಲಲು ಕೂಡಿಸಿದರೆ ಕದಿರನ್ನೂ ಎಡಗೈಯಲ್ಲೇ ತಿರುವುತ್ತಿದ್ದಳು. ನೂಲು ಉಲ್ಟಾ ಹುರಿಗೊಳ್ಳುತ್ತಿತ್ತು. ಅಜ್ಜಿ ಅದೇ ಕದಿರಿನಿಂದ ಗೆಣ್ಣಿಗೆ ಬಡಿಯುತ್ತಿದ್ದಳು.

ಒಂದು ಸಲ ಬೀರಪ್ಪನ ಗುಡಿಯಲ್ಲಿ ಪೂಜಾರಿ ಎಲ್ಲರಿಗೂ ಅರಿಷಿಣದ ಭಂಡಾರ ಹಂಚುತ್ತಿದ್ದ. ಹುಡುಗಿ ಮರೆತು ಎಡಗೈ ಚಾಚಿದಳು. ಪೂಜಾರಿ ಬೆತ್ತದಿಂದ ಆ ಕೈಗೆ ಒಂದು ಕೊಟ್ಟು, "ಈ ಕೈಲೆ ಏನ ತೊಳಕೋತಾರ ಗೊತ್ತಿಲ್ಲೇನ ನಿನಗ?" ಅಂದ. ಕೂಡಿದ ಮಂದಿ ನಕ್ಕಿತು. ಮರುದಿನ ಅವ್ವ ಕಬ್ಬಿಣದ ಸರಳು ಕಾಸಿ ಎಡ ಅಂಗೈಗೆ ಬರೆ ಎಳೆದಳು. ಅವ್ವಗೆ ಮಗಳ ಮೇಲೆ ಹಗೆ ಇರಲಿಲ್ಲ. ಎಡಚಿಯನ್ನು ಯಾರು ಲಗ್ನ ಆಗುತ್ತಾರೆ ಅನ್ನುವ ಹೆದರಿಕೆ. ಹೆದರಿದವರು ಹೆದರಿಸಿದವರನ್ನು ಬಡಿಯುವುದಿಲ್ಲ, ಕೈಗೆ ಸಿಕ್ಕ ಮಕ್ಕಳನ್ನು ಬಡಿಯುತ್ತಾರೆ.

ಲಗ್ನ ಆಯಿತು. ಗಂಡ ಇಳಕಲ್ಲಿನ ಹುಲ್ಲಪ್ಪ, ಕಲ್ಲಿನ ಕ್ವಾರಿಯಲ್ಲಿ ಸುತ್ತಿಗೆ ಹೊಡೆಯುವವನು. ಅತ್ತೆ ರಾಮವ್ವ ಮನೆಯಲ್ಲೇ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಮಗ್ಗ ಲಕ್ಷ್ಮಪ್ಪ ಸಾವ್ಕಾರನದು, ನೂಲು ಅವನದು, ನೇಯ್ದ ಸೀರೆಯೂ ಅವನದು. ಕುಣಿಯಲ್ಲಿ ಇಳಿಬಿಟ್ಟ ಕಾಲು ಮತ್ತು ಲಾಳಿ ಎಸೆಯುವ ಕೈ ಮಾತ್ರ ಇವರವು. ಅತ್ತೆಯ ಕಣ್ಣು ಮಂಜಾದ ಮೇಲೆ ಬೋರವ್ವ ಕುಣಿಗೆ ಇಳಿದಳು.

ಲಾಳಿ ಎಸೆಯಲು ಎರಡೂ ಕೈ ಬೇಕು. ಹಾಗಾಗಿ ಅಲ್ಲಿ ಎಡಚಿತನ ಯಾರಿಗೂ ಕಾಣಲಿಲ್ಲ. ಕಂಡದ್ದು ಕೊಂಡಿ ಹಾಕುವಲ್ಲಿ. ಇಳಕಲ್ ಸೀರೆ ಉಟ್ಟವರಿಗೂ ಇದು ಗೊತ್ತಿರುವುದಿಲ್ಲ: ಸೀರೆಯ ಮೈಯ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಮೈ ನೂಲಿನದು, ಸೆರಗು ಕೆಂಪು ರೇಷ್ಮೆಯದು. ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಸಾವಿರಾರು ಎಳೆ. ಬೆನ್ನು ಬಗ್ಗಿಸಿ ಕೂತರೆ ಹೊತ್ತು ಹೋದದ್ದು ತಿಳಿಯದು. ಬೋರವ್ವ ಎಡಗೈ ಬೆರಳಿನಿಂದ ಚಕಚಕ ಹಾಕುತ್ತಿದ್ದಳು. ಏಳು ವರ್ಷ ಯಾರೂ ಏನೂ ಅನ್ನಲಿಲ್ಲ. ಸೀರೆ ಹೋದವು, ಕೂಲಿ ಬಂತು.

೧೯೭೮ರಲ್ಲಿ ಸಾವ್ಕಾರನ ಮನೆಯಲ್ಲಿ ಒಂದು ಹೊಸ ರೀತಿ ಸುರುವಾಯಿತು. ಮೊದಲು ನೇಯ್ಗೆಯ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಪಡಸಾಲೆಯಲ್ಲಿ ಕೂತು ಸೀರೆ ಒಪ್ಪಿಸುತ್ತಿದ್ದರು. ಈಗ ಸಾವ್ಕಾರ ಒಬ್ಬೊಬ್ಬಳನ್ನೇ ಒಳಗಿನ ಖೋಲಿಗೆ ಕರೆದು, ಬಾಗಿಲು ಮುಂದೆ ಮಾಡಿ ಸೀರೆ ನೋಡತೊಡಗಿದ.

"ಇಲ್ಲಿ ನೋಡು ಬೋರವ್ವ." ಸೆರಗು ಮೈ ಕೂಡುವ ಜಾಗಕ್ಕೆ ಕಿರುಬೆರಳು ತೂರಿಸಿದ. "ಕೊಂಡಿ ಕಿತ್ತೈತಿ."

"ಗಟ್ಟಿನ ಹಾಕಿದ್ನೆರಿ ಸಾವ್ಕಾರ್ರ."

"ಯಾವ ಕೈಲೆ ಹಾಕಿದಿ?"

ಬೋರವ್ವ ಕೈಯನ್ನು ಸೆರಗಿನೊಳಗೆ ಎಳಕೊಂಡಳು.

"ಹೊರಗ ಹದಿನೈದ ಮಂದಿ ಕುಂತಾರ. ಎಲ್ಲಾರದೂ ನೋಡೇನಿ. ಎಲ್ಲಾರಗಿಂತ ಕೆಟ್ಟ ಕೈ ನಿಂದು. ಮಂದಿ ಮುಂದ ಅಂದ್ರ ನಿನ್ನ ಮಾನಾ ಹೋಗತೈತಿ, ಅದಕ ಒಳಗ ಕರದ ಹೇಳಾಕತ್ತೇನಿ. ನಾನೂ ಹೆಣ್ಣಮಕ್ಕಳನ್ನ ಹಡದಾಂವ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಾನೂ ಬಿಡೂದಿಲ್ಲ."

"ನಿಮ್ಮ ಉಪಕಾರರಿ," ಅಂದಳು ಬೋರವ್ವ.

ಕೂಲಿಯಲ್ಲಿ ಮೂರರಲ್ಲಿ ಒಂದು ಪಾಲು ಕಡಿಸಿಕೊಂಡು, ಉಪಕಾರ ಅಂದು ಹೊರಗೆ ಬಂದಳು. ಮನೆಗೆ ಹೋಗಿ ಅತ್ತೆಯ ಮುಂದೆ, ಸಾವ್ಕಾರ ದೇವರಂಥ ಮನುಷ್ಯ ಅಂದಳು. ಪೂಜಾರಿ ಬೆತ್ತದಿಂದ ಹೊಡೆದು ಹೇಳಿದ್ದನ್ನೇ ಈ ದೇವರಂಥ ಮನುಷ್ಯ ಮೆಲ್ಲಗೆ ಹೇಳಿದ್ದ. ಮೆಲ್ಲಗೆ ಹೇಳಿದ್ದು ಆಳಕ್ಕೆ ಇಳಿಯಿತು.

ಅಂದಿನಿಂದ ಬೋರವ್ವ ಎಡಗೈಗೆ ಅರಿವೆ ಸುತ್ತಿಕೊಂಡು ಬಲಗೈಯಿಂದ ಕೊಂಡಿ ಹಾಕತೊಡಗಿದಳು. ಕೂತರೆ ಏಳುವಂತಿಲ್ಲ, ಅಷ್ಟು ಸಾವಕಾಶ. ಕತ್ತು ಹಿಡಿಯುತ್ತಿತ್ತು. ಒಲೆಯ ಮೇಲಿನ ಸಾರು ಹೊತ್ತುತ್ತಿತ್ತು. ಕೊಂಡಿ ಆಗಲೂ ಕಿತ್ತು ಬರುತ್ತಿದ್ದವು. ಸಾವ್ಕಾರ ಇನ್ನಷ್ಟು ಮುರಿದ. ಆಕೆ ಇನ್ನಷ್ಟು ಬಗ್ಗಿದಳು. ಓಣಿಯ ಲಗ್ನದಲ್ಲಿ ಬಡಿಸಲು ಕರೆದರೆ ಹೋಗುತ್ತಿರಲಿಲ್ಲ. ಯಾರದಾದರೂ ಕೂಸು ಎತ್ತಿಕೊಳ್ಳಲು ಕೊಟ್ಟರೂ, 'ಬ್ಯಾಡವಾ, ನನ್ನ ಕೈ ಚೊಲೋ ಅಲ್ಲ' ಅನ್ನುತ್ತಿದ್ದಳು.

ಹುಲ್ಲಪ್ಪನಿಗೆ ಇದು ತಿಳಿಯುತ್ತಿರಲಿಲ್ಲ. "ನಮ್ಮ ಕ್ವಾರ್ಯಾಗ ಒಬ್ಬ ಮೇಸ್ತ್ರಿ ಅದಾನ. ಎಡಗೈಲೆ ಸುತ್ತಿಗಿ ಹೊಡಿತಾನ. ಮಂದಿ ಅವಗ ಉಸ್ತಾದ ಅಂತಾರ," ಅಂದ.

"ಅಂವ ಗಂಡಸ. ಅವನ ಎಡಗೈನೂ ಬಲಗೈನ," ಅಂದಳು ಬೋರವ್ವ.

ಹುಲ್ಲಪ್ಪ ನಕ್ಕು ಬೀಡಿ ಹಚ್ಚಿದ. ನಗುವ ಮಾತು ಆಗಿರಲಿಲ್ಲ.

ಅದೇ ಹೊತ್ತಿಗೆ ನೇಕಾರರ ಸಂಘ ಕೂಲಿದರ ಹೆಚ್ಚಿಸಿ ಅಂತ ಓಣಿ ಓಣಿ ಸಭೆ ಮಾಡುತ್ತಿತ್ತು. ಬಣ್ಣದ ಮನೆಯಲ್ಲಿ ನೂಲು ಕುದಿಸುವ ಶಾಬುದ್ದೀನ ಸಂಘದ ಮುಂದಾಳು. ಅವನ ಮುಂಗೈ ಯಾವಾಗಲೂ ಕೆಂಪು. ಸಾವ್ಕಾರನ ಮಗ್ಗದ ಹೆಣ್ಣುಮಕ್ಕಳ ಮನೆಗೆ ಹೋಗಿ ಕರೆದರೆ ಎಲ್ಲರದೂ ಒಂದೇ ಉತ್ತರ: "ನಮ್ಮ ಕೈನ ಸುಮಾರಣ್ಣ. ನಾವ್ಯಾವ ಬಾಯಿಲೆ ಹೆಚ್ಚು ಕೇಳೂದು?" ಒಬ್ಬಳೂ ಬರಲಿಲ್ಲ. ಹದಿನಾರು ಮನೆಯಲ್ಲಿ ಒಂದೇ ಮಾತು ಯಾಕೆ ಬರುತ್ತದೆ ಅಂತ ಕೇಳುವ ಬುದ್ಧಿ ಸಂಘದಲ್ಲಿ ಯಾರಿಗೂ ಬರಲಿಲ್ಲ. ಬಡವರು ಹಾಗೇ ಅನ್ನುತ್ತಾರೆ ಅಂತ ತಿಳಿದರು. ಸಂಘದವರಲ್ಲೂ ಗಂಡಸರೇ ಇದ್ದರು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

೧೯೮೧ರ ಶ್ರಾವಣ ಮುಗಿದಾಗ ಸಾವ್ಕಾರ ಕೊನೆಯ ಮಾತು ಹೇಳಿದ.

"ದೀಪಾವಳಿ ತನಕ ನೋಡ್ತೇನಿ ಬೋರವ್ವ. ಕೈ ಕುದರಲಿಲ್ಲಂದ್ರ ಮಗ್ಗಾ ತಗದ ಬ್ಯಾರೇದಾಕಿಗೆ ಕೊಡ್ತೇನಿ. ನೀ ಕುಂತಲ್ಲೆ ನೂಲ ಸುತ್ತಿಕೊಂಡಿರು."

ನೂಲು ಸುತ್ತುವುದು ಮುದುಕಿಯರ ಕೆಲಸ, ಕೂಲಿ ಎಲೆ ಅಡಿಕೆಗೆ ಸಾಲದು. ಹುಲ್ಲಪ್ಪನಿಗೆ ಕಲ್ಲಿನ ಧೂಳಿಗೆ ಆಗಲೇ ಕೆಮ್ಮು ಹತ್ತಿತ್ತು. ಮಗ್ಗ ಹೋದರೆ ಮನೆ ನಿಲ್ಲುತ್ತಿರಲಿಲ್ಲ.

"ಏನ ಮಾಡ್ಲಿರಿ ಯಪ್ಪಾ?"

"ಅಮಾಸಿ ದಿನಾ ಮಹಾಕೂಟಕ್ಕ ಹೋಗು. ಹೊಂಡದಾಗ ಕೈ ತೊಳಕೊಂಡು ಬಾ. ಕೈಯ ದೋಷ ಹೋಗತೈತಿ. ಯಾರಿಗೂ ಹೇಳಬ್ಯಾಡ ಮತ್ತ. ಹೇಳಿದ್ರ ಫಲ ಇಲ್ಲ."

ಮಹಾನವಮಿ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಮಗ್ಗ ಬಂದ್. ಬೋರವ್ವ ತವರಿಗೆ ಹೋಗಿ ಬರುತ್ತೇನೆ ಅಂತ ಅತ್ತೆಗೆ, ಓಣಿಗೆ ಸುಳ್ಳು ಹೇಳಿ ಬೆಳಗಿನ ಬಸ್ಸು ಹತ್ತಿದಳು. ಹುನಗುಂದ, ಅಮೀನಗಡ ದಾಟಿ ಬದಾಮಿ. ಅಲ್ಲಿಂದ ಗುಡ್ಡ ಹತ್ತಿ ಇಳಿದು ನಡೆದೇ ಮಹಾಕೂಟ. ಯಾತ್ರೆಯ ಮಂದಿ ಬಹಳ ಇತ್ತು. ಹೊಂಡದ ಒಂದು ಮೂಲೆಯ ಮೆಟ್ಟಿಲು ಹಿಡಿದು ಎಡಗೈ ನೀರಿಗೆ ಬಿಟ್ಟು ತಿಕ್ಕತೊಡಗಿದಳು. ಹಿಡಿಮಣ್ಣು ತಂದು ತಿಕ್ಕಿದಳು. ಬರೆಯ ಗುರುತು ಕೆಂಪಾಗುವ ತನಕ ತಿಕ್ಕಿದಳು.

ಬಾಜೂಕ್ಕೆ ಒಬ್ಬಳು ಬಗ್ಗಿ ಕೈ ತಿಕ್ಕುತ್ತಿದ್ದಳು. ಮುಖ ಎತ್ತಿದರೆ ಗುರುಸಿದ್ದವ್ವ. ಇಳಕಲ್ಲಿನ ಹಿಂದಿನ ಓಣಿಯಾಕೆ, ಲಿಂಗಾಯತರ ಮನೆಯ ವಿಧವೆ. ಅದೇ ಸಾವ್ಕಾರನ ಮಗ್ಗ.

ಇಬ್ಬರಿಗೂ ಬೇಕಿರಲಿಲ್ಲ ಆ ಭೇಟಿ.

"ಬೇವೂರಿಗೆ ಹೊಂಟೇನಿ ಅಂದಿದ್ದಿಯಲ್ಲವಾ?" ಅಂದಳು ಗುರುಸಿದ್ದವ್ವ.

"ನೀ ಬಾಗಲಕೋಟಿ ದವಾಖಾನಿಗೆ ಅಂದಿದ್ದಿ."

"ದವಾಖಾನಿ ಬಾಗಲಾ ಹಾಕಿತ್ತು."

"ಬೇವೂರೂ ಬಾಗಲಾ ಹಾಕಿತ್ತು," ಅಂದಳು ಬೋರವ್ವ.

ಗುರುಸಿದ್ದವ್ವ ತಿಕ್ಕುತ್ತಿದ್ದದ್ದು ಬಲಗೈ. ವಿಭೂತಿ ಹಚ್ಚಿ ಹಚ್ಚಿ ತಿಕ್ಕುತ್ತಿದ್ದಳು. ಬೋರವ್ವ ನೋಡಿದಳು. ಲಿಂಗ ಪೂಜೆ ಮಾಡುವ ಕೈ ಅದು. ಅದಕ್ಕೇನಾಗಿದೆ ಅಂತ ಕೇಳಬೇಕು ಅನ್ನಿಸಿತು, ಕೇಳಿದರೆ ತನ್ನದನ್ನೂ ಹೇಳಬೇಕಾಗುತ್ತದೆ ಅಂತ ಮತ್ತೆ ತನ್ನ ಕೈ ತಿಕ್ಕಿದಳು.

ಅಷ್ಟರಲ್ಲಿ ಮೇಲಿನ ಮೆಟ್ಟಿಲಲ್ಲಿ ಚಂದವ್ವ ಕಂಡಳು. ಸಾವ್ಕಾರನ ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ನಗಿಸುವಾಕೆ. ಇವರಿಬ್ಬರನ್ನೂ ನೋಡಿದವಳೇ ಬೆನ್ನು ತಿರುಗಿಸಿದಳು.

"ಎಲ್ಲಿ ಹೊಂಟಿ? ಬಾರ ಚಂದವ್ವ. ಜಾಗಾ ಐತಿ," ಅಂದಳು ಗುರುಸಿದ್ದವ್ವ.

"ನಾ ಪಟ್ಟದಕಲ್ಲಿಗೆ ಅಕ್ಕನ ಮನಿಗೆ ಹೊಂಟಾಕಿ. ಹಂಗ ದೇವರಿಗೆ ಕೈ ಮುಗದ ಹೋಗೂಣಂತ ಬಂದೆ."

"ದೇವರು ಗುಡ್ಯಾಗದಾನ. ಹೊಂಡದಾಗೇನೈತಿ?"

ಚಂದವ್ವ ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಕೂತಳು. ಮೂವರೂ ನೀರು ನೋಡುತ್ತ ಕೂತರು. ಒಬ್ಬರೂ ಕೈ ನೀರಿಗೆ ಹಾಕಲಿಲ್ಲ, ಒಬ್ಬರೂ ಎದ್ದು ಹೋಗಲಿಲ್ಲ. ಕೊನೆಗೆ ಬೋರವ್ವ ವ್ರತ ಮುರಿದಳು.

"ಫಲಾ ಹೋದ್ರ ಹೋಗವಲ್ದ್ಯಾಕ. ಎಲ್ಲಾರಗಿಂತ ಕೆಟ್ಟ ಕೈ ನಂದಂತ. ಸಾವ್ಕಾರ ಒಳಗ ಕರದ ಹೇಳ್ಯಾನ."

"ನಿಂದ?" ಗುರುಸಿದ್ದವ್ವ ಮುಖ ನೋಡಿದಳು. "ನಂದ ಅಂದಾನಲ್ಲ."

"ಯಾರ್ದಂದಾನ? ನಂದ ಅಂದಾನ," ಅಂದಳು ಚಂದವ್ವ. "ಎಲ್ಲಾರಗಿಂತ ಕೆಟ್ಟದ್ದು ಅಂತ. ಖೋಲ್ಯಾಗ ಕರದ."

"ಇಲ್ಲವಾ, ನನಗ ಖಾಸ ಹೇಳ್ಯಾನ."

"ನನಗೂ ಖಾಸನ ಹೇಳ್ಯಾನ ತಗೋ."

ಓದುವವರು ನಂಬಬೇಕು: ಮೂವರೂ ಸ್ವಲ್ಪ ಹೊತ್ತು ಜಗಳಾಡಿದರು. ಕೆಟ್ಟ ಕೈ ನಂದು, ನಂದು ಅಂತ. ಮೂರು ವರ್ಷ ಹೊತ್ತುಕೊಂಡ ನಾಚಿಕೆಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಡಲಿಕ್ಕೂ ಮನಸ್ಸು ಬರಲಿಲ್ಲ. ಅಷ್ಟು ರೂಢಿಯಾಗಿತ್ತು ಅದು. ಆಮೇಲೆ ಒಬ್ಬೊಬ್ಬರಿಗೇ ಹೊಳೆಯಿತು, ಮೂವರಿಗೂ ಹೇಳಿದ್ದು ಒಂದೇ ಮಾತು. ಚಂದವ್ವ, ನಗಿಸುವಾಕೆ, ಮೊಣಕಾಲ ನಡುವೆ ತಲೆ ಹಾಕಿದಳು.

ಬೋರವ್ವಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹುಟ್ಟಿದಾಗಿನಿಂದ ತನ್ನ ಮೇಲೆ ಸಿಟ್ಟಾಗಿ ಗೊತ್ತಿದ್ದವಳಿಗೆ ಇನ್ನೊಬ್ಬನ ಮೇಲೆ ಸಿಟ್ಟು ಮಾಡುವುದು ಹೆಂಗೆ ಅಂತ ತಿಳಿಯಲಿಲ್ಲ. ಹೊಂಡದ ನೀರು ಕುಡಿದಳು.

ಲಕ್ಷ್ಮಪ್ಪ ಸಾವ್ಕಾರ ಮಾಡಿದ ತಪ್ಪು ಒಂದೇ. ನೇಕಾರರಿಗೆ ಬಿಡುವು ಅಮಾವಾಸ್ಯೆಗೆ ಮಾತ್ರ ಅನ್ನುವುದನ್ನು ಮರೆತ. ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮಾಡಿದವನು, ತಾನೇ ಒಂದೇ ದಿನ ಒಂದೇ ಹೊಂಡಕ್ಕೆ ಕಳಿಸಿದ.

ಊರಿಗೆ ಬಂದವರು ಶಾಬುದ್ದೀನನ ಬಣ್ಣದ ಮನೆಗೆ ಹೋದರು. ಅವನು ಕೇಳಿ, ಗೂಟಕ್ಕೆ ತೂಗುಹಾಕಿದ್ದ ಕೆಂಪು ರೇಷ್ಮೆಯಿಂದ ಒಂದೆಳೆ ಎಳೆದು ಅವರ ಮುಂದೆ ಹಿಡಿದ. ಎಳೆ ಪಟ್ಟಂತ ಹರಿಯಿತು.

"ಇದು ಖರೇ ರೇಷ್ಮಿನೂ ಅಲ್ಲಕ್ಕಾ. ನಕಲಿ. ಅದೂ ಮಳ್ಯಾಗ ತೊಯ್ದ ಲಾಟ್. ಸಾವ್ಕಾರ ಅರ್ಧಾ ದರಕ್ಕ ತಂದ ಗೋದಾಮ ತುಂಬ್ಯಾನ. ಬಣ್ಣದ ಡೇಗಿನ್ಯಾಗ ಹಾಕಿದ್ರ ಅಲ್ಲೇ ಕಿತ್ತ ಬರ್ತೈತಿ. ನೀವು ಯಾವ ಕೈಲೆ ಕೊಂಡಿ ಹಾಕಿದ್ರೇನ, ಕಾಲಿಲೆ ಹಾಕಿದ್ರೇನ?"

"ಮೊದಲ ಯಾಕ ಹೇಳಲಿಲ್ಲಣ್ಣ?"

"ಮೂರ ಸಭಾದಾಗ ಹೇಳೇನಿ. ನೀವೊಬ್ರರ ಬಂದಿದ್ರೇನ?"

ಮೂವರೂ ಉಳಿದ ಮನೆಗಳಿಗೆ ಹೋದರು. ಇಲ್ಲಿ ನನ್ನ ಸಿಟ್ಟು ಎರಡು ಪಟ್ಟಾಗುತ್ತದೆ. ಯಾರೂ ಒಪ್ಪಿಕೊಳ್ಳಲಿಲ್ಲ. "ನನಗೇನೂ ಅಂದಿಲ್ಲವಾ. ನಂದು ಪೂರಾ ಕೂಲಿ ಬರತೈತಿ," ಅಂದರು ಒಬ್ಬೊಬ್ಬರೂ, ಕಣ್ಣು ಬೇರೆ ಕಡೆ ಮಾಡಿ. ಕೂಲಿ ಹೋದರೆ ಹೋಗಲಿ, ಕೆಟ್ಟ ಕೈಯಾಕಿ ಅನ್ನುವ ಹೆಸರು ಓಣಿಗೆ ಗೊತ್ತಾಗಬಾರದು. ಸಾವ್ಕಾರ ಬಾಗಿಲಿಗೆ ಅಗಳಿ ಹಾಕುವುದೂ ಬೇಕಿರಲಿಲ್ಲ. ಒಳಗಿದ್ದವರೇ ಹಿಡಕೊಂಡಿದ್ದರು.

ಸೀರೆ ಒಪ್ಪಿಸುವ ದಿನ ಹತ್ತಿರ ಬಂದಂತೆ ಬೋರವ್ವನ ಸಿಟ್ಟು ಕರಗಿತು. ಹಳೆಯ ಮಾತು ಮತ್ತೆ ಬಂದು ಎದೆಯ ಮೇಲೆ ಕೂತಿತು. ಗುರುಸಿದ್ದವ್ವ, ಚಂದವ್ವ, ಎಲ್ಲರದೂ ಬಲಗೈ. ತನ್ನದು ಎಡಗೈ. ಅವರಿಗೆ ಸಾವ್ಕಾರ ಸುಳ್ಳು ಹೇಳಿರಬಹುದು. ತನಗೆ ಹೇಳಿದ್ದು ಮಾತ್ರ ಖರೆ ಇದ್ದರೆ?

ಇದನ್ನೇ ಗುರುಸಿದ್ದವ್ವಳ ಮುಂದೆ ಹೇಳಿ, "ನೀ ಮಾತಾಡವಾ. ಈ ಕೈ ಇಟ್ಟುಕೊಂಡ ನಾ ಮಾತಾಡಿದ್ರ ನಗ್ತಾರ," ಅಂದಳು.

ಗುರುಸಿದ್ದವ್ವ ಸಮಾಧಾನ ಹೇಳುವ ಪೈಕಿ ಅಲ್ಲ. "ನಿಂದ ಕೆಟ್ಟಿರಬಹುದು," ಅಂದಳು. "ಕೆಟ್ಟದ್ದರ ಇರವಲ್ದ್ಯಾಕ. ನೇಯ್ದೀಯೋ ಇಲ್ಲೋ? ಸೀರಿ ಮಾರ್ಯಾನೋ ಇಲ್ಲೋ? ಐಬಿನ ಸೀರಿ ಅಂತ ಯಾವ ಪ್ಯಾಟ್ಯಾಗ ಕಡಿಮಿಗೆ ಕೊಟ್ಟಾನ ಕೇಳು."

ಬೋರವ್ವ ಆ ಮಾತನ್ನು ಅಗಿಯುತ್ತ ಮನೆಗೆ ಹೋದಳು. ಕೈ ಚೊಲೋ ಅಂತ ಯಾರಾದರೂ ಹೇಳಲಿ ಅಂತ ಆಕೆ ಮೂವತ್ತು ವರ್ಷ ಕಾದಿದ್ದಳು. ಹೇಳದಿದ್ದರೂ ನಿಂತು ಕೇಳಬಹುದು ಅನ್ನುವುದು ಆಕೆಗೆ ಹೊಸದು.

ಶನಿವಾರ ಪಡಸಾಲೆ ತುಂಬಿತ್ತು. ಸಾವ್ಕಾರ ಖೋಲಿಯ ಬಾಗಿಲಲ್ಲಿ ನಿಂತು ಕರೆದ. "ಬೋರವ್ವ, ಒಳಗ ಬಾ."

ಬೋರವ್ವ ಎದ್ದಳು. ಸೀರೆಯನ್ನು ಎದ್ದಲ್ಲೇ ಬಿಚ್ಚಿ ಹಿಡಿದಳು.

"ಇಲ್ಲೇ ನೋಡ್ರಿ ಸಾವ್ಕಾರ್ರ."

"ಏನಂದಿ?"

"ಬೆಳಕ ಇಲ್ಲೇ ಚೊಲೋ ಐತ್ರಿ."

ಸಾವ್ಕಾರ ನಕ್ಕ. "ಹುಚ್ಚಿ, ಮಂದಿ ಮುಂದ ನಿನ್ನ ಮಾನಾ ಹೋಗತೈತಿ."

"ನನ್ನ ಮಾನಾ ನಾ ನೋಡ್ಕೋತೇನ್ರಿ. ನೀವು ಸೀರಿ ನೋಡ್ರಿ."

ಬೋರವ್ವ ಒಂದು ಹೆಜ್ಜೆ ಮುಂದೆ ಬಂದಳು. "ಒಂದ ಮಾತ ಕೇಳ್ತೇನ್ರಿ. ಇಲ್ಲೆ ಹದಿನಾರ ಮಂದಿ ಅದೇವಿ. ಎಲ್ಲಾರಗಿಂತ ಕೆಟ್ಟ ಕೈ ಯಾರದು? ಎಲ್ಲಾರಿಗೂ ಕೇಳೂ ಹಂಗ ಒಬ್ಬಾಕಿ ಹೆಸರ ಹೇಳ್ರಿ."

ಸಾವ್ಕಾರನಿಗೂ ಸಿಟ್ಟು ಬಂತು. ಎಡಚಿಯ ಬಾಯಿ ಮುಚ್ಚಿಸುವುದು ಏನು ದೊಡ್ಡ ಕೆಲಸ ಅನ್ನಿಸಿರಬೇಕು.

"ಯಾರದರ ಯಾಕ? ನಿಂದ. ತೊಳಕೊಳ್ಳೂ ಕೈಲೆ ರೇಷ್ಮಿ ಮುಟ್ಟಾಕಿ ನೀ. ಉಳದೋರ ನೋಡು, ಒಬ್ಬೊಬ್ಬರದೂ ಬಂಗಾರದಂಥಾ ಕೈ. ಅವರ ಸಾಲಾಗ ನಿನ್ನ ಕೂಡಿಸಿದ್ದ ನಂದು ತಪ್ಪು."

ಯಾರೋ ಒಬ್ಬಳು ನಕ್ಕಳು. ರೂಢಿಯ ನಗು. ಬೋರವ್ವ ಹುಟ್ಟಿದಾಗಿನಿಂದ ಹೆದರಿದ್ದು ಇದಕ್ಕೇ: ಕೂಡಿದ ಮಂದಿಯ ನಡುವೆ ಈ ಮಾತು, ಈ ನಗು. ಈಗ ಎರಡೂ ಆದವು. ಆಕೆ ನಿಂತೇ ಇದ್ದಳು. ಎಡಗೈಗೆ ಸುತ್ತಿದ್ದ ಅರಿವೆ ಬಿಚ್ಚಿ ಸೊಂಟಕ್ಕೆ ಸಿಗಿಸಿದಳು.

"ಆತ್ರಿ. ಕೆಟ್ಟ ಕೈ ನಂದ. ಒಪ್ಪಿದೆ. ಉಳದ ಹದಿನೈದ ಮಂದಿದು ಬಂಗಾರದ ಕೈ ಅಂತ ನೀವ ಅಂದ್ರಿ. ಎಲ್ಲಾರೂ ಕೇಳ್ಯಾರ. ಬಂಗಾರದ ಕೈಯಾಗಿನ ಕೂಲಿ ಯಾಕ ಮುರದ್ರಿ?"

ಸಾವ್ಕಾರ ಹಿಂದೆ ಸರಿದು ಖೋಲಿಯ ಬಾಗಿಲು ಹಿಡಿದ.

"ನನ್ನನ್ನೂ ಒಳಗ ಕರದ ಇದನ್ನ ಅಂದಿದ್ರಿ," ಅಂತ ಗುರುಸಿದ್ದವ್ವ ಎದ್ದಳು. "ಮಹಾಕೂಟಕ್ಕೂ ಕಳಿಸಿದ್ರಿ."

"ಬಸ್ ಚಾರ್ಜ್ ಯಾರ ಕೊಡ್ತಾರ ಅದರದು?" ಅಂದಳು ಚಂದವ್ವ ಕುಂತಲ್ಲಿಂದ.

ಈ ಸಲದ ನಗು ಬೇರೆ. ನಕ್ಕ ಮೇಲೆ ಒಬ್ಬಳು, "ನನಗೂ ಅಂದಾರ," ಅಂದಳು. ಮೊದಲು ಬೋರವ್ವನಿಗೆ ನಕ್ಕಾಕೆಯೇ ಅವಳು. ಗೋಡೆಯ ಹತ್ತಿರ ಕೂತಾಕೆ, "ನಾ ಹೋದ ಅಮಾಸಿಗೆ ಹೋಗಿ ಬಂದೇನಿ," ಅಂದಳು. ಆಮೇಲೆ ಯಾರು ಮಾತಾಡಿದರು, ಯಾರು ಬೈದರು ಲೆಕ್ಕ ಸಿಗಲಿಲ್ಲ. ಸೀರೆಗಳನ್ನು ಒಪ್ಪಿಸದೆ ಎಲ್ಲರೂ ಬಗಲಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಸಂಘಕ್ಕೆ ಎರಡು ವರ್ಷ ಆಗದ ಕೆಲಸ ಒಂದು ಮುಂಜಾನೆಯಲ್ಲಿ ಆಯಿತು. ಶಾಬುದ್ದೀನ ಸುದ್ದಿ ತಿಳಿದು ಬರುವುದರೊಳಗೆ ಮುಷ್ಕರ ಸುರುವಾಗಿತ್ತು.

ಗೆದ್ದರೇ ಅಂತ ಕೇಳುತ್ತೀರಿ. ಮರುದಿನವೇ ಸಾವ್ಕಾರನ ಆಳುಗಳು ಬಂದು ಬೋರವ್ವನ ಮಗ್ಗ ಕಿತ್ತೊಯ್ದರು. ಅತ್ತೆ ರಾಮವ್ವ ಬರಿದಾದ ಕುಣಿಯ ಅಂಚಿಗೆ ಕೂತು, "ಸುಮ್ಮ ಇದ್ದಿದ್ರ ದೀಪಾವಳಿ ತನಕರ ಇರ್ತಿತ್ತು," ಅಂದಳು. "ದೀಪಾವಳಿಗೆ ಒಯ್ತಿದ್ದ, ಈಗ ಒಯ್ದ. ಇಷ್ಟ ಅತ್ತಿ," ಅಂದಳು ಬೋರವ್ವ. ಸಂಕ್ರಮಣ ದಾಟುವ ತನಕ ಗಂಡನ ಜೊತೆ ಕ್ವಾರಿಗೆ ಹೋಗಿ ಜಲ್ಲಿ ಒಡೆದಳು, ಎಡಗೈಯಲ್ಲಿ ಸುತ್ತಿಗೆ ಹಿಡಿದು. ಉಳಿದವರು ಹೊಲದ ಕೂಲಿಗೆ ಹೋದರು. ಎರಡು ಮನೆಯವರು ಒಳಗಿಂದೊಳಗೆ ಸಾವ್ಕಾರನ ಹತ್ತಿರ ಹೋಗಿ ಕಾಲು ಹಿಡಿದು ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಹಸಿವಿತ್ತು.

ಕೊನೆಗೆ ಸಾವ್ಕಾರನೇ ಬಗ್ಗಿದ. ಲಗ್ನದ ಸುಗ್ಗಿ ಬಂದಿತ್ತು, ಸೀರೆ ಬೇಕಿತ್ತು. ಸೀರೆ ನೋಡುವುದು ಇನ್ನು ಪಡಸಾಲೆಯಲ್ಲಿ, ಎಲ್ಲರ ಮುಂದೆ. ಹಳೆಯ ಲಾಟಿನ ರೇಷ್ಮೆ ವಾಪಸ್. ಹದಿನೈದು ಮಂದಿಗೆ ಮುರಿದದ್ದರಲ್ಲಿ ಅರ್ಧ ಕೊಟ್ಟ. ಬೋರವ್ವಗೆ ಮಾತ್ರ, 'ಆಕಿ ತಾನ ಒಪ್ಪ್ಯಾಳ' ಅಂತ ಒಂದು ಪೈಸೆ ಕೊಡಲಿಲ್ಲ, ಮಗ್ಗವನ್ನೂ ಕೊಡಲಿಲ್ಲ. ಹೊಸ ರೇಷ್ಮೆ ಬಂದ ತಿಂಗಳಿಗೆ ಎಲ್ಲರ ಕೈಗಳೂ ಕುದುರಿದವು. ಮಹಾಕೂಟದ ಹೊಂಡದ ಮಹಿಮೆ ಅನ್ನಿ ಬೇಕಾದರೆ.

ಬೋರವ್ವಗೆ ಮುಂದಿನ ವರ್ಷ ಒಂದು ಸಹಕಾರಿ ಸಂಘದ ಮಗ್ಗ ಸಿಕ್ಕಿತು. ಈಗಲೂ ನೇಯುತ್ತಾಳೆ. ಆಕೆ ಪೂರಾ ಗುಣವಾದಳು ಅಂತ ಬರೆದರೆ ಸುಳ್ಳಾದೀತು. ಯಾರಾದರೂ ದನಿ ಏರಿಸಿದರೆ ಇವತ್ತಿಗೂ ಮೊದಲು ತಲೆ ತಗ್ಗುತ್ತದೆ. ಆಮೇಲೆ ಏಳುತ್ತದೆ. ನಡುವಿನ ಹೊತ್ತು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ, ಅಷ್ಟೇ. ಸಭೆಗಳಿಗೆ ಬರುತ್ತಾಳೆ, ಹಿಂದೆ ಕೂತಿರುತ್ತಾಳೆ. ಮೊನ್ನೆ ಹುನಗುಂದದ ಸಭೆಯಲ್ಲಿ ಒಬ್ಬ ಹೊಸ ಹುಡುಗಿ ಎದ್ದು, "ನಮ್ಮಂತಾವರ ಕೈಲೆ ಏನಾಗತೈತ್ರಿ?" ಅಂದಳು. ಬೋರವ್ವ ಹಿಂದಿನಿಂದ ಕೇಳಿದಳು: "ಏನೂ ಆಗೂದಿಲ್ಲ ಅಂತ ನಿನಗ ಯಾರಂದ್ರವಾ? ನಿನ್ನಷ್ಟಕ್ಕ ನಿನಗ ಹೊಳೀತೋ, ಯಾರರ ಅಂದ್ರೋ?" ಹುಡುಗಿ ಕೂತುಬಿಟ್ಟಳು. ಬೋರವ್ವ ಬಿಡಲಿಲ್ಲ, ಸಭೆ ಮುಗಿದ ಮೇಲೂ ಆಕೆಯನ್ನು ಮೂಲೆಗೆ ಹಿಡಿದು ಕೇಳುತ್ತಲೇ ಇದ್ದಳು. ಹೆಸರು ಹೊರಬರುವ ತನಕ.

ಇನ್ನು ನಿಮ್ಮ ಕಡೆ ತಿರುಗುತ್ತೇನೆ. ಓದಿ, ಪಾಪ ಬೋರವ್ವ ಅಂತ ಪುಸ್ತಕ ಮಡಚಬೇಡಿರಿ. ಆಕೆಗೆ ನಿಮ್ಮ ಪಾಪ ಬೇಕಿಲ್ಲ. ನೀವು ದಡ್ಡರು, ನಿಮ್ಮ ಬಣ್ಣ ಸುಮಾರು, ನಿಮ್ಮ ಮಾತು ಹಳ್ಳೀದು, ನಿಮ್ಮ ಕುಲ ಇಷ್ಟೇ, ನಿಮ್ಮ ಕೈಲೆ ಏನಾಗದು ಅಂತ ಯಾರೋ ಒಬ್ಬರು, ಎಲ್ಲೋ ಒಂದು ಬಾಗಿಲು ಮುಂದೆ ಮಾಡಿ, ನಿಮ್ಮ ಮೇಲಿನ ಪ್ರೀತಿಗೇ ಹೇಳಿದ್ದಾರೆ. ಯಾರಿಗೂ ಹೇಳಬೇಡ ಅಂತಲೂ ಹೇಳಿದ್ದಾರೆ. ನಾಳೆ ಸಂಜೆಯೊಳಗೆ ಅದನ್ನು ನಿಮ್ಮ ಬಾಜೂ ಕೂತವರಿಗೆ ಹೇಳಿರಿ. ಅವರಿಗೆ ಏನಂದಿದ್ದಾರೆ ಅಂತ ಕೇಳಿರಿ. ಆ ಬಾಗಿಲು ಮುಂದೆ ಮಾಡುವವರು ನೀವೇ ಆಗಿದ್ದರೆ, ನಿಮ್ಮ ಮನೆಯಲ್ಲಿ, ನಿಮ್ಮ ಸಾಲೆಯಲ್ಲಿ, ನಿಮ್ಮ ಕೈಕೆಳಗಿನವರಿಗೆ, ಇವತ್ತೇ ಅದನ್ನು ತೆಗೆಯಿರಿ, ಅಂದ ಮಾತನ್ನು ಎಲ್ಲರ ಮುಂದೆ ಇನ್ನೊಮ್ಮೆ ಅನ್ನಿರಿ, ನೋಡೋಣ. ಇಲ್ಲ, ಕೇಳಿಸಿಕೊಂಡವರು ನೀವಾದರೆ, ಇಷ್ಟು ವರ್ಷ ನಿಮ್ಮನ್ನು ನೀವೇ ಬೈದುಕೊಂಡದ್ದು ಸಾಕು. ಯಾರಂದರು ನಿಮಗೆ? ಹೆಸರು ಹೇಳಿರಿ.